ಗೋದಲಿಯಲ್ಲಿ ಹುಲ್ಲಿನ ಬದಲು ಕಾಂಕ್ರೀಟು

ಕ್ರಿಸ್‌ಮಸ್ ಹತ್ತಿರ ಬಂದಾಗಲೆಲ್ಲ ಒಂದು ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಚರ್ಚಿನೊಳಗೆ ಒಡೆದ ಕಾಂಕ್ರೀಟ್ ತುಂಡು ಮತ್ತು ಹಾಸುಗಲ್ಲುಗಳ ಗುಪ್ಪೆ. ಅದರ ನಡುವೆ, ಯಾರೋ ಆತುರದಲ್ಲಿ ಮಲಗಿಸಿ ಹೋದಂತೆ, ಒಂದು ಮಗುವಿನ ಬೊಂಬೆ. ಹೊದಿಕೆ ಕಪ್ಪು-ಬಿಳುಪು ಚೌಕುಳಿಯ ಬಟ್ಟೆ. ಅರಬ್ ರೈತರು ತಲೆಗೆ ಸುತ್ತಿಕೊಳ್ಳುವ, ಈಗ ಪ್ಯಾಲೆಸ್ಟೀನಿನ ಗುರುತೇ ಆಗಿರುವ ಕೆಫಿಯೆ.

ಅದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ನಮ್ಮಲ್ಲಿ ಗೋದಲಿ ಕಟ್ಟಿದವರಿಗೆ ಅದರ ಸಾಮಗ್ರಿ ಬಾಯಿಪಾಠ. ಭತ್ತದ ಹುಲ್ಲು, ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರು, ಕೆರೆಗೆ ಕನ್ನಡಿ ಚೂರು, ಬೆಟ್ಟಕ್ಕೆ ಬಣ್ಣ ಬಳಿದ ಸಿಮೆಂಟ್ ಚೀಲದ ಕಾಗದ. ಬೇತ್ಲೆಹೇಮಿನ ಲುಥೆರನ್ ಚರ್ಚಿನವರು 2023ರ ಡಿಸೆಂಬರ್‌ನಲ್ಲಿ ಇದೆಲ್ಲವನ್ನೂ ಬಿಟ್ಟು ಕಟ್ಟಡದ ಭಗ್ನಾವಶೇಷ ತಂದು ಸುರಿದರು. ಆಗ ಅಲ್ಲಿ ಪಾದ್ರಿಯಾಗಿದ್ದ ಮುಂತರ್ ಇಸಾಕ್ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ಅದರ ಮುಂದೆ ನಿಂತು ಪ್ರಸಂಗ ಮಾಡಿದರು. ಯೇಸು ಇವತ್ತು ಹುಟ್ಟುವುದಾಗಿದ್ದರೆ ಗಾಜಾದ ಕಲ್ಲುರಾಶಿಯ ಕೆಳಗೆ ಹುಟ್ಟುತ್ತಿದ್ದ ಎಂಬುದು ಅವರ ಮಾತಿನ ತಿರುಳು. ಆ ವರ್ಷ ಬೇತ್ಲೆಹೇಮ್ ಹಬ್ಬದ ಸಡಗರವನ್ನೇ ಕೈಬಿಟ್ಟಿತ್ತು.

ಆ ಫೋಟೊ ನೋಡಿದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಸಿಟ್ಟಾದರು. ಇನ್ನು ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: ಪ್ಯಾಲೆಸ್ಟೀನಿನಲ್ಲಿ ಕ್ರೈಸ್ತರೂ ಇದ್ದಾರೆಯೇ?

ಇದ್ದಾರೆ, ಮೊದಲಿನಿಂದಲೂ

ಯೇಸುವಿನ ಕಥೆ ನಡೆದ ಊರುಗಳೇ ಬೇತ್ಲೆಹೇಮ್, ಜೆರುಸಲೇಮ್, ನಜರೇತ್. ಅಲ್ಲಿನ ಕ್ರೈಸ್ತ ಸಮುದಾಯಗಳನ್ನು ಯಾರೋ ಮಿಷನರಿಗಳು ಬಂದು ಹೊಸದಾಗಿ ನೆಟ್ಟದ್ದಲ್ಲ. ಅವರು ತಮ್ಮ ಬೇರನ್ನು ಮೊದಲ ಶತಮಾನದ ಸಭೆಗಳವರೆಗೆ ಹಿಡಿದು ತೋರಿಸುತ್ತಾರೆ. ಅವರ ಮಾತು ಅರೇಬಿಕ್. ದೇವರನ್ನು ಅವರೂ ಕರೆಯುವುದು 'ಅಲ್ಲಾಹ್' ಎಂದೇ, ಏಕೆಂದರೆ ಅರೇಬಿಕ್‌ನಲ್ಲಿ ದೇವರಿಗೆ ಇರುವ ಪದವೇ ಅದು. ದೊಡ್ಡ ಪಾಲು ಗ್ರೀಕ್ ಆರ್ಥೊಡಾಕ್ಸ್ ಸಭೆಯವರು, ನಂತರ ಕ್ಯಾಥೊಲಿಕರು. ಆರ್ಮೇನಿಯನ್, ಸಿರಿಯಾಕ್, ಆಂಗ್ಲಿಕನ್, ಲುಥೆರನ್ ಸಭೆಗಳು ಚಿಕ್ಕವು.

ಸಂಖ್ಯೆ ಕಡಿಮೆ. 2017ರ ಜನಗಣತಿಯಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾ ಸೇರಿ ಸುಮಾರು 47,000, ಅಂದರೆ ನೂರಕ್ಕೆ ಒಬ್ಬರು. ಇಸ್ರೇಲಿನ ಪ್ರಜೆಗಳಾಗಿರುವ ಅರಬ್ ಕ್ರೈಸ್ತರು ಬೇರೆ, ಅವರು ಒಂದು ಲಕ್ಷಕ್ಕೂ ಹೆಚ್ಚು. ಗಾಜಾದಲ್ಲಿ ಯುದ್ಧಕ್ಕೆ ಮುಂಚೆ ಇದ್ದವರು ಸಾವಿರದ ಆಸುಪಾಸು. ಒಟ್ಟೊಮನ್ ಕಾಲದಿಂದಲೇ ವಲಸೆ ಶುರುವಾಗಿ, ಬೇತ್ಲೆಹೇಮ್ ಮತ್ತು ಪಕ್ಕದ ಬೇತ್ ಜಾಲಾ ಊರಿನವರ ಮೊಮ್ಮಕ್ಕಳು ಇವತ್ತು ದಕ್ಷಿಣ ಅಮೆರಿಕದ ಚಿಲಿಯಲ್ಲಿ ದೊಡ್ಡ ಸಮುದಾಯವಾಗಿದ್ದಾರೆ. ಅಲ್ಲಿ 'ಪಾಲೆಸ್ತೀನೊ' ಎಂಬ ಫುಟ್‌ಬಾಲ್ ಕ್ಲಬ್ಬೇ ಇದೆ.

ನೆಲದ ತಕರಾರು, ಬಹಳ ಚಿಕ್ಕದಾಗಿ

ಮುಂದಿನದು ಅರ್ಥವಾಗಲು ಎರಡು ಇಸವಿ ನೆನಪಿದ್ದರೆ ಸಾಕು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾಯಿತು. ಯುರೋಪಿನಲ್ಲಿ 60 ಲಕ್ಷ ಯಹೂದಿಗಳ ಹತ್ಯೆ ನಡೆದು ಮೂರು ವರ್ಷವಷ್ಟೇ ಆಗಿತ್ತು. ಯಹೂದಿಗಳ ಪಾಲಿಗೆ ಅದು ಕೊನೆಗೂ ಸಿಕ್ಕ ನೆಲೆ. ಅದೇ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅವರು ಅದನ್ನು 'ನಕ್ಬಾ', ಅಂದರೆ ಮಹಾವಿಪತ್ತು, ಎನ್ನುತ್ತಾರೆ. 1967ರಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಗಾಜಾ ಮತ್ತು ಪೂರ್ವ ಜೆರುಸಲೇಮನ್ನು ವಶಕ್ಕೆ ತೆಗೆದುಕೊಂಡಿತು. ಬೇತ್ಲೆಹೇಮ್ ಇರುವುದು ಈ ಪಶ್ಚಿಮ ದಂಡೆಯಲ್ಲಿ.

2002ರಿಂದ ಇಸ್ರೇಲ್ ಒಂದು ತಡೆಗೋಡೆ ಕಟ್ಟತೊಡಗಿತು. ಆಗ ಆತ್ಮಾಹುತಿ ಬಾಂಬುಗಳಿಗೆ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಇಸ್ರೇಲಿ ನಾಗರಿಕರು ಸಾಯುತ್ತಿದ್ದ ಕಾಲ. ಗೋಡೆಯಿಂದ ಆ ದಾಳಿಗಳು ನಿಂತವು ಎಂಬುದು ಇಸ್ರೇಲಿನ ವಾದ. ಆದರೆ ಯೋಜಿತ ಮಾರ್ಗದ ಬಹುಭಾಗ ಗಡಿರೇಖೆಯ ಮೇಲಿಲ್ಲ, ಪಶ್ಚಿಮ ದಂಡೆಯ ಒಳಗೇ ಹಾದುಹೋಗುತ್ತದೆ. ಹಾಗೆ ಕಟ್ಟುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು 2004ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟಿತು. ಬೇತ್ಲೆಹೇಮಿನ ಅಂಚಿನಲ್ಲಿ ಅದು ಸುಮಾರು 8 ಮೀಟರ್ ಎತ್ತರದ ಕಾಂಕ್ರೀಟು. ಎರಡು ಮಾಳಿಗೆಯ ಮನೆಯ ಕಿಟಕಿ ತೆರೆದರೆ ಎದುರಿಗೆ ಬೂದು ಬಣ್ಣ, ಅಷ್ಟೇ.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತಿತರರ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು, 250ರಷ್ಟು ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಆನಂತರದ ಯುದ್ಧದಲ್ಲಿ, ಆ ಗೋದಲಿ ಕಟ್ಟಿದ ಕ್ರಿಸ್‌ಮಸ್ ವೇಳೆಗೆ, ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ 20,000 ದಾಟಿತ್ತು. ಗಾಜಾ ನಗರದ ಪುರಾತನ ಸಂತ ಪೊರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಸರೆ ಪಡೆದಿದ್ದವರೂ ಅಕ್ಟೋಬರ್ 19ರ ವೈಮಾನಿಕ ದಾಳಿಗೆ ಬಲಿಯಾಗಿದ್ದರು.

ಬೈಬಲ್ ಒಂದೇ, ಓದು ಎರಡು

ಹೊರಗಿನವರಿಗೆ ಅತಿ ಗೊಂದಲ ಹುಟ್ಟಿಸುವ ಜಾಗ ಇದು. ಅಮೆರಿಕದ ಅನೇಕ ಕ್ರೈಸ್ತರು ಇಸ್ರೇಲಿನ ಕಟ್ಟಾ ಬೆಂಬಲಿಗರು, ಬೇತ್ಲೆಹೇಮಿನ ಕ್ರೈಸ್ತರು ಅದರ ಆಳ್ವಿಕೆಯ ವಿರೋಧಿಗಳು. ಇಬ್ಬರ ಕೈಯಲ್ಲಿರುವುದೂ ಒಂದೇ ಗ್ರಂಥ. ಹೇಗೆ?

ಮೊದಲನೆಯ ಗುಂಪಿನ ನಿಲುವಿಗೆ ಕ್ರೈಸ್ತ ಝಿಯೋನಿಸಂ ಎನ್ನುತ್ತಾರೆ. ದೇವರು ಅಬ್ರಹಾಮನಿಗೆ, ಅವನ ಸಂತತಿಗೆ ಆ ನೆಲವನ್ನು ಶಾಶ್ವತವಾಗಿ ಕೊಟ್ಟಿದ್ದಾನೆ, 1948 ಆ ವಾಗ್ದಾನದ ನೆರವೇರಿಕೆ ಎಂಬುದು ಇದರ ಬುನಾದಿ. 19ನೇ ಶತಮಾನದ ಬ್ರಿಟನ್ನಿನಲ್ಲಿ ಜಾನ್ ನೆಲ್ಸನ್ ಡಾರ್ಬಿಯಂಥ ಬೋಧಕರು ಈ ಓದಿಗೆ ಒಂದು ಚೌಕಟ್ಟು ಕೊಟ್ಟರು. ಅದು ಹುಲುಸಾಗಿ ಬೆಳೆದದ್ದು ಅಮೆರಿಕದಲ್ಲಿ.

ಎರಡನೆಯ ಓದಿನ ಹೆಸರು ಪ್ಯಾಲೆಸ್ಟೀನ್ ವಿಮೋಚನಾ ದೇವಶಾಸ್ತ್ರ, ಅಂದರೆ ತುಳಿತಕ್ಕೊಳಗಾದವರ ಕಡೆ ನಿಂತು ಬೈಬಲನ್ನು ಓದುವ ಬಗೆ. ಇದನ್ನು ರೂಪಿಸಿದವರಲ್ಲಿ ಮುಖ್ಯರು ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್. 1948ರಲ್ಲಿ ಬೇಸಾನ್ ಊರಿನಿಂದ ಅವರ ಕುಟುಂಬವನ್ನು ಹೊರಹಾಕಿದಾಗ ಅವರಿಗೆ 11 ವರ್ಷ. ಪಾದ್ರಿಯಾದ ಮೇಲೆ ಅವರಿಗೆ ಎದುರಾದ ಕಷ್ಟ ರಾಜಕೀಯದ್ದಲ್ಲ, ಪೂಜೆಯ ನಡುವಿನದು. ಲೂಕನ ಸುವಾರ್ತೆಯಲ್ಲಿ ಜಕರೀಯನ ಹಾಡು ಶುರುವಾಗುವುದೇ ಇಸ್ರಾಯೇಲಿನ ದೇವರ ಸ್ತುತಿಯಿಂದ. ಶತಮಾನಗಳಿಂದ ಅದನ್ನು ಹಾಡುತ್ತ ಬಂದ ಸಭೆಗೆ 1948ರ ನಂತರ ಆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಬೈಬಲಿನ ಇಸ್ರಾಯೇಲೂ ತಮ್ಮ ಮನೆಗೆ ಬೀಗ ಹಾಕಿದ ಇಸ್ರೇಲೂ ಕಿವಿಗೆ ಒಂದೇ ತರಹ ಕೇಳಿಸುತ್ತಿತ್ತು.

ಇನ್ನೂ ತೊಡಕಿನದು ವಿಮೋಚನೆಯ ಕಥೆ. ಮೋಶೆ ತನ್ನ ಜನರನ್ನು ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿ ತಂದ ಕಥೆ ಲ್ಯಾಟಿನ್ ಅಮೆರಿಕದ ಬಡವರಿಗೆ, ಅಮೆರಿಕದ ಕಪ್ಪು ಜನರಿಗೆ ಬಲ ಕೊಟ್ಟಿತ್ತು. ಪ್ಯಾಲೆಸ್ಟೀನಿಯರಿಗೆ ಅದು ದಕ್ಕಲಿಲ್ಲ. ಏಕೆಂದರೆ ಆ ಕಥೆ ಮುಂದುವರಿದು ಕಾನಾನ್ ನಾಡನ್ನು ಗೆದ್ದುಕೊಳ್ಳುವುದರಲ್ಲಿ ಮುಗಿಯುತ್ತದೆ. ಅವರು ತಮ್ಮನ್ನು ಕಂಡುಕೊಂಡದ್ದು ಕಾನಾನ್ಯರ ಜಾಗದಲ್ಲಿ. ಹಾಗಾಗಿ ಅತೀಕ್ ಬೇರೊಂದು ಕಥೆ ಎತ್ತಿಕೊಂಡರು. ಅರಸುಗಳ ಗ್ರಂಥದ ನಾಬೋತನದು. ಅರಮನೆಯ ಪಕ್ಕದಲ್ಲಿ ಅವನದೊಂದು ದ್ರಾಕ್ಷಿ ತೋಟ. ಕಾಯಿಪಲ್ಲೆ ಬೆಳೆಯಲು ಹತ್ತಿರವಿದೆ, ಕೊಡು, ಬದಲಿಗೆ ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುತ್ತೇನೆ ಎನ್ನುತ್ತಾನೆ ಅರಸ ಅಹಾಬ. ಪಿತ್ರಾರ್ಜಿತವನ್ನು ಕೊಡಲಾರೆ ಎನ್ನುತ್ತಾನೆ ನಾಬೋತ. ರಾಣಿ ಈಜೆಬೆಲ್ ಸುಳ್ಳುಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಅರಸ ತೋಟಕ್ಕೆ ಕಾಲಿಟ್ಟಾಗ ಪ್ರವಾದಿ ಎಲೀಯ ಎದುರು ನಿಂತು, ಕೊಂದದ್ದಲ್ಲದೆ ಆಸ್ತಿಯನ್ನೂ ಹೊಡೆದುಕೊಂಡೆಯಾ ಎಂದು ಕೇಳುತ್ತಾನೆ. ಈ ಎಲೀಯನ ದೇವರು ನೆಲ ಹಂಚುವ ದೇವರಿಗಿಂತ ಮೊದಲು ನ್ಯಾಯ ಕೇಳುವ ದೇವರು, ಅರಸನ ಎದುರಲ್ಲೂ. ಅತೀಕರ ಓದಿನ ಕೀಲಿ ಇದು. ಇದೇ ದಾರಿಯಲ್ಲಿ ಹುಟ್ಟಿದ ಕೇಂದ್ರ ಜೆರುಸಲೇಮಿನ 'ಸಬೀಲ್'. ಅರೇಬಿಕ್‌ನಲ್ಲಿ ಆ ಪದಕ್ಕೆ ದಾರಿ ಎಂದೂ ನೀರಿನ ಒರತೆ ಎಂದೂ ಅರ್ಥ.

2009ರ ಡಿಸೆಂಬರ್‌ನಲ್ಲಿ ಬೇರೆ ಬೇರೆ ಸಭೆಗಳ ಪ್ಯಾಲೆಸ್ಟೀನ್ ಕ್ರೈಸ್ತರು ಸೇರಿ 'ಕೈರೋಸ್ ಪ್ಯಾಲೆಸ್ಟೀನ್' ಎಂಬ ಹೇಳಿಕೆ ಹೊರಡಿಸಿದರು. ಕೈರೋಸ್ ಗ್ರೀಕ್ ಪದ. ಗಡಿಯಾರದ ಹೊತ್ತಿಗಿಂತ ನಮ್ಮ 'ಮುಹೂರ್ತ'ಕ್ಕೆ ಹತ್ತಿರ. 1985ರಲ್ಲಿ ದಕ್ಷಿಣ ಆಫ್ರಿಕಾದ ಕ್ರೈಸ್ತರು ವರ್ಣಭೇದದ ವಿರುದ್ಧ ಇದೇ ಹೆಸರಿನ ದಸ್ತಾವೇಜು ಹೊರಡಿಸಿದ್ದರು, ಇದಕ್ಕೆ ಅದೇ ಮಾದರಿ. ಆಕ್ರಮಿತ ಆಳ್ವಿಕೆ ದೇವರಿಗೂ ಮನುಷ್ಯನಿಗೂ ಎಸಗಿದ ಪಾಪ ಎಂದು ಅದು ಹೇಳಿತು. ಪ್ರತಿರೋಧ ಬೇಕು, ಆದರೆ ಅದು ಪ್ರೀತಿಯ ತರ್ಕದಲ್ಲಿ ನಡೆಯಬೇಕು ಎಂದೂ ಹೇಳಿತು. ಬಹಿಷ್ಕಾರದಂಥ ಅಹಿಂಸಾ ಮಾರ್ಗಗಳಿಗೆ ಕರೆ ಕೊಟ್ಟಿತು.

ಇಲ್ಲಿ ಕಲೆಗೇನು ಕೆಲಸ?

ಕ್ರೈಸ್ತ ನಂಬಿಕೆಯ ನಡುಗಂಬ ಒಂದೇ ಮಾತು, ಕನ್ನಡ ಬೈಬಲು ಅದನ್ನು 'ನರಾವತಾರ' ಎನ್ನುತ್ತದೆ. ದೇವರು ಕಣ್ಣಿಗೆ ಕಾಣುವ, ಕೈಗೆ ಸಿಗುವ, ನೋವಾಗುವ ಮೈ ತಾಳಿದ. ಹಾಗಾದರೆ ಮರ, ಬಣ್ಣ, ಕಲ್ಲು, ಮಣ್ಣುಗಳಿಗೂ ಮರ್ಯಾದೆ ಬಂತು ಎಂದು ವಾದಿಸಿದವರು 8ನೇ ಶತಮಾನದ ದಮಸ್ಕದ ಸಂತ ಯೋಹಾನರು. ಆಗ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿ ಪವಿತ್ರ ಚಿತ್ರಗಳನ್ನು, ಅಂದರೆ ಐಕಾನ್‌ಗಳನ್ನು, ನಿಷೇಧಿಸಿ ಒಡೆಸುತ್ತಿದ್ದ. ಯೋಹಾನರು ವಾಸಿಸಿದರೆಂದು ಪರಂಪರೆ ಹೇಳುವ ಮಾರ್ ಸಬಾ ಮಠ ಇರುವುದು ಬೇತ್ಲೆಹೇಮಿನ ಪೂರ್ವದ ಬೆಂಗಾಡಿನಲ್ಲಿ. ಅದು ಮುಸ್ಲಿಂ ಖಲೀಫರ ಆಡಳಿತದಲ್ಲಿದ್ದುದರಿಂದ ಕ್ರೈಸ್ತ ಚಕ್ರವರ್ತಿಯ ಕೈ ಅವರವರೆಗೆ ಚಾಚಲಿಲ್ಲ. ಇತಿಹಾಸಕ್ಕೆ ಇಂಥ ತಮಾಷೆಗಳೆಂದರೆ ಇಷ್ಟ. ಜಡವನ್ನು ಪೂಜಿಸುವುದಿಲ್ಲ, ನನಗಾಗಿ ಜಡದ ರೂಪ ತಾಳಿದ ಸೃಷ್ಟಿಕರ್ತನನ್ನು ಪೂಜಿಸುತ್ತೇನೆ ಎಂಬುದು ಅವರ ವಾದದ ಸಾರ.

ಈ ಮಾತು ನೆನಪಿಟ್ಟುಕೊಂಡರೆ ಪ್ಯಾಲೆಸ್ಟೀನಿನ ಕಲೆಯನ್ನು ನೋಡುವುದಕ್ಕೆ ಒಂದು ಸುಲಭದ ದಾರಿ ಸಿಗುತ್ತದೆ. ಚಿತ್ರದಲ್ಲಿ ಏನಿದೆ ಎಂದು ಕೇಳುವ ಮೊದಲು, ಅದನ್ನು ಯಾವುದರಿಂದ ಮಾಡಿದ್ದಾರೆ ಎಂದು ಕೇಳಿ.

ಜೆರುಸಲೇಮಿನಲ್ಲಿ ಅರಬ್ ಆರ್ಥೊಡಾಕ್ಸ್ ಚಿತ್ರಗಾರರು ಐಕಾನ್ ಬರೆಯುತ್ತಿದ್ದರು, ಹೆಸರಿನ ಜೊತೆ 'ಅಲ್-ಕುದ್ಸಿ', ಅಂದರೆ ಜೆರುಸಲೇಮಿನವನು, ಎಂದು ಸೇರಿಸುತ್ತಿದ್ದರು. ಆ ಪರಂಪರೆಯಲ್ಲಿ ಕೈ ಪಳಗಿಸಿಕೊಂಡ ನಿಕೋಲಾ ಸೈಗ್ (1863–1942) ಐಕಾನ್‌ನಿಂದ ಲೌಕಿಕ ತೈಲಚಿತ್ರಕ್ಕೆ ಹೊರಳಿದರು; ಪ್ಯಾಲೆಸ್ಟೀನ್ ಆಧುನಿಕ ಚಿತ್ರಕಲೆಯ ಕಥೆಯನ್ನು ಸಾಮಾನ್ಯವಾಗಿ ಅವರಿಂದಲೇ ಶುರುಮಾಡುತ್ತಾರೆ. ಬಾಲಕ ಕಮಾಲ್ ಬುಲ್ಲಾತಾ ಜೆರುಸಲೇಮಿನ ಐಕಾನ್ ಚಿತ್ರಗಾರ ಖಲೀಲ್ ಹಲಬಿ ಅವರ ಬಳಿ ಕಲಿತು, ಮುಂದೆ ದೇಶಾಂತರದಲ್ಲಿ ಅರೇಬಿಕ್‌ನ ಹಳೆಯ ಬರಹಶೈಲಿಯಾದ ಚೌಕಾಕಾರದ ಕುಫಿ ಲಿಪಿಯಲ್ಲಿ ಬೈಬಲ್ ಮತ್ತು ಕುರ್‌ಆನ್ ಎರಡರ ವಾಕ್ಯಗಳನ್ನೂ ಬಣ್ಣದ ಜ್ಯಾಮಿತಿಯಾಗಿ ಹೆಣೆದರು.

ಕಲ್ಲಂಗಡಿಯೂ ಕೂಡದು

ಸುಲೇಮಾನ್ ಮನ್ಸೂರ್ 1947ರಲ್ಲಿ ಬೀರ್‌ಜೇತ್‌ನಲ್ಲಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು, ಓದಿದ್ದು ಬೇತ್ಲೆಹೇಮಿನ ಲುಥೆರನ್ ಶಾಲೆಯಲ್ಲಿ. ಅವರ 1973ರ ಚಿತ್ರವೊಂದು ಪೋಸ್ಟರಾಗಿ ಮನೆಮನೆಯ ಗೋಡೆ ಸೇರಿತು. ಬರಿಗಾಲಿನ ಮುದಿ ಹಮಾಲಿ, ಬೆನ್ನ ಮೇಲೆ ಹಗ್ಗ ಬಿಗಿದು ಹೊತ್ತ ದೊಡ್ಡ ಹೊರೆ. ಹೊರೆಯೊಳಗೆ ಇಡೀ ಜೆರುಸಲೇಮ್ ನಗರ, ನಡುವೆ ಮುಸ್ಲಿಮರ ಪವಿತ್ರ ಕಟ್ಟಡವಾದ ಬಂಡೆಗುಮ್ಮಟದ ಹೊನ್ನಬಣ್ಣ. ಅದು ಧಾರ್ಮಿಕ ಚಿತ್ರವಲ್ಲ. ಆದರೂ ಶಿಲುಬೆ ಹೊತ್ತು ನಡೆದವನ ಕಥೆ ಕೇಳುತ್ತ ಬೆಳೆದ ಕಣ್ಣಿಗೆ ಆ ಬಾಗಿದ ಬೆನ್ನು ಹಾಗೆಯೇ ಕಾಣದೆ ಇರುವುದು ಕಷ್ಟ.

ಪ್ಯಾಲೆಸ್ಟೀನ್ ಧ್ವಜದ ಪ್ರದರ್ಶನಕ್ಕೆ ಆಗ ನಿಷೇಧವಿತ್ತು. 1980ರಲ್ಲಿ ರಮಲ್ಲಾದ ಒಂದು ಗ್ಯಾಲರಿಯನ್ನು ಸೈನ್ಯ ಮುಚ್ಚಿಸಿತು. ಮನ್ಸೂರ್ ಹೇಳುವ ಪ್ರಕಾರ, ಕೆಂಪು, ಹಸಿರು, ಕಪ್ಪು, ಬಿಳಿ ಒಟ್ಟಿಗೆ ಬರುವಂತೆ ಬರೆಯಬಾರದು ಎಂದು ಅಧಿಕಾರಿ ತಾಕೀತು ಮಾಡಿದ. ಆ ಬಣ್ಣಗಳಲ್ಲಿ ಒಂದು ಹೂ ಬರೆದರೆ ಎಂದು ಜೊತೆಗಿದ್ದ ಕಲಾವಿದ ಕೇಳಿದ. ಕಲ್ಲಂಗಡಿ ಬರೆದರೂ ಜಪ್ತಿ ಎಂದು ಉತ್ತರ ಬಂತು. ಇವತ್ತು ಜಗತ್ತಿನಾದ್ಯಂತ ಪ್ರತಿಭಟನೆಗಳಲ್ಲಿ ಕಲ್ಲಂಗಡಿ ಹೋಳಿನ ಚಿತ್ರ ಕಾಣುವುದರ ಹಿಂದೆ ಹೇಳಲಾಗುವ ಕಥೆಗಳಲ್ಲಿ ಇದೂ ಒಂದು.

1987ರಲ್ಲಿ ಮೊದಲ ಇಂತಿಫಾದಾ, ಅಂದರೆ ಜನರ ದಂಗೆ, ಶುರುವಾಯಿತು. ಇಸ್ರೇಲಿ ಸರಕು ಬೇಡ ಎಂದರು. ಸರಿ, ಆದರೆ ಬಣ್ಣದ ಟ್ಯೂಬು, ಕ್ಯಾನ್ವಾಸ್ ಬರುತ್ತಿದ್ದದ್ದು ಎಲ್ಲಿಂದ? ಮನ್ಸೂರ್, ವೇರಾ ತಮಾರಿ, ನಬೀಲ್ ಅನಾನಿ, ತೈಸೀರ್ ಬರಕಾತ್ ನಾಲ್ವರೂ ಸೇರಿ ಅದನ್ನೂ ಬಿಟ್ಟರು. ಒಬ್ಬರು ಚರ್ಮ ಹಿಡಿದರು, ಒಬ್ಬರು ಮರ ಸುಟ್ಟು ಚಿತ್ರ ಬಿಡಿಸಿದರು, ಮದರಂಗಿ ಮತ್ತು ಕಾಫಿ ಬಣ್ಣವಾದವು. ಮನ್ಸೂರ್ ಹಿಡಿದದ್ದು ಮಣ್ಣು. ಅವರ ಅಜ್ಜಿ ಮಣ್ಣಿಗೆ ಹುಲ್ಲು ಬೆರೆಸಿ ಜೇನುಗೂಡು, ಒಲೆ ಮಾಡುತ್ತಿದ್ದರು. ಹುಡುಗ ಜೊತೆಗೆ ಕೂತು ಕಲಸಿಕೊಟ್ಟಿದ್ದ. ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಕೆಟ್ಟಿತು ಎಂದು ಅದನ್ನು ತೇಪೆ ಹಾಕದೆ ಆ ಬಿರುಕನ್ನೇ ಚಿತ್ರದ ಭಾಗವಾಗಿ ಬಿಟ್ಟರು. ಮುಖಗಳು ಒಡೆದ ಹೊಲದಂತೆ ಕಾಣತೊಡಗಿದವು.

ಗೋಡೆಯ ಮೇಲೆ ಬರೆಯುವುದು

2002ರಲ್ಲಿ ಇಸ್ರೇಲಿ ಸೈನ್ಯ ಬೇತ್ಲೆಹೇಮಿಗೆ ನುಗ್ಗಿತ್ತು. ಯೇಸು ಜನಿಸಿದ ಜಾಗದಲ್ಲಿ ಕಟ್ಟಿದ ಪುರಾತನ ದೇವಾಲಯದೊಳಗೆ ಸಶಸ್ತ್ರ ಪ್ಯಾಲೆಸ್ಟೀನಿಯರು ಸೇರಿಕೊಂಡು, 39 ದಿನ ಮುತ್ತಿಗೆ ನಡೆಯಿತು. ಅಲ್ಲೇ ಹತ್ತಿರದ ಲುಥೆರನ್ ಚರ್ಚಿನ ಆವರಣದಲ್ಲೂ ಕಿಟಕಿ ಗಾಜುಗಳು ಪುಡಿಯಾದವು. ಆಗಿನ ಪಾದ್ರಿ ಮಿತ್ರಿ ರಾಹೆಬ್ ಮತ್ತು ಜೊತೆಗಾರರು ಚೂರುಗಳನ್ನು ಗುಡಿಸಿ ಎಸೆಯಲಿಲ್ಲ. ಕುಶಲಕರ್ಮಿಗಳು ಅವುಗಳಿಂದ ಪುಟ್ಟ ದೇವದೂತರನ್ನು ಮಾಡಿ ಮಾರಿದರು. ರಾಹೆಬ್ ಕಟ್ಟಿದ ದಾರ್ ಅಲ್-ಕಲಿಮಾ ಈಗ ಕಲೆಗೇ ಮೀಸಲಾದ ವಿಶ್ವವಿದ್ಯಾಲಯ.

ತಡೆಗೋಡೆಯ ಮೇಲೆ, ಚೆಕ್‌ಪೋಸ್ಟಿನ ಬಳಿ, ಬ್ರಿಟಿಷ್ ಐಕಾನ್ ಕಲಾವಿದ ಇಯಾನ್ ನೋಲ್ಸ್ 2010ರಲ್ಲಿ ಮರಿಯಮ್ಮನ ಐಕಾನ್ ಬರೆದರು. 'ಗೋಡೆ ಕೆಡಹುವ ಮಾತೆ' ಎಂದು ಅದಕ್ಕೆ ಹೆಸರು. ಐಕಾನ್‌ಗೆ ಸಾಮಾನ್ಯವಾಗಿ ಹದವಾಗಿ ಒಣಗಿಸಿದ ಹಲಗೆ ಬೇಕು, ಇಲ್ಲಿ ಹಲಗೆ ಸೈನ್ಯ ಎಬ್ಬಿಸಿದ ಕಾಂಕ್ರೀಟು. ಬ್ಯಾಂಕ್ಸಿ ಎಂಬ ಗುಪ್ತನಾಮದ ಕಲಾವಿದ ಗೋಡೆಗೆ ಮುಖಮಾಡಿ 2017ರಲ್ಲಿ ಒಂದು ಹೋಟೆಲನ್ನೇ ತೆರೆದರು. 2019ರ ಕ್ರಿಸ್‌ಮಸ್‌ಗೆ ಅಲ್ಲಿಟ್ಟ ಗೋದಲಿಯಲ್ಲಿ ಮಗುವಿನ ಹಿಂದೆ ಕಾಂಕ್ರೀಟ್ ಗೋಡೆ, ಅದರಲ್ಲಿ ಶೆಲ್ ತೂರಿದ ರಂಧ್ರ, ನಕ್ಷತ್ರದ ಆಕಾರದಲ್ಲಿ.

ಆದರೆ ಎಲ್ಲರಿಗೂ ಇದು ಹಿಡಿಸುವುದಿಲ್ಲ. ಬ್ಯಾಂಕ್ಸಿಯೇ ಹೇಳಿಕೊಂಡ ಪ್ರಸಂಗ: ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಮುದುಕರೊಬ್ಬರು ಬಂದು ನೀನು ಗೋಡೆಯನ್ನು ಚೆಂದಗಾಣಿಸುತ್ತಿದ್ದೀಯ ಎಂದರು. ಇವರು ಧನ್ಯವಾದ ಹೇಳಿದರು. ನಮಗೆ ಇದು ಚೆಂದವಾಗುವುದು ಬೇಡ, ಇದನ್ನು ಕಂಡರೆ ಆಗುವುದಿಲ್ಲ, ಮನೆಗೆ ಹೋಗು ಎಂದರಂತೆ ಮುದುಕರು. ಪ್ರತಿಭಟನೆಯ ಕಲೆಯ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆ ನಾನು ಓದಿಲ್ಲ.

ಕೆಫಿಯೆ ಹೊದಿಸಬಹುದೇ?

ಬಲವಾದ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಯೇಸು ಯಹೂದಿ, ಯಹೂದಿ ತಾಯಿಯ ಮಗ. ಅವನಿಗೆ ಕೆಫಿಯೆ ಸುತ್ತಿದರೆ ಆ ಗುರುತನ್ನು ಅಳಿಸಿದಂತಲ್ಲವೇ? ಈ ಪ್ರಶ್ನೆಯ ಹಿಂದೆ ಹಳೆಯ ಭಯವಿದೆ. ಯೇಸುವನ್ನು ಕೊಂದವರು ಯಹೂದಿಗಳು ಎಂಬ ಆರೋಪವನ್ನು ಯುರೋಪಿನ ಚರ್ಚುಗಳು ಶತಮಾನಗಳ ಕಾಲ ಸಾರಿದವು, ಅದರ ಹೆಸರಿನಲ್ಲಿ ಹತ್ಯಾಕಾಂಡಗಳು ನಡೆದವು. ಹಾಗಾಗಿ ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಶಿಲುಬೆಯ ಯಾತ್ರೆಯ 14 ಸ್ಥಳಗಳನ್ನು ಪ್ಯಾಲೆಸ್ಟೀನಿನ ಇತಿಹಾಸಕ್ಕೆ ಹೊಂದಿಸಿ ಸಬೀಲ್ ಪ್ರಾರ್ಥನೆ ರೂಪಿಸಿದಾಗ, ಹಳೆಯ ಆರೋಪವೇ ಹೊಸ ವೇಷದಲ್ಲಿ ಬಂತು ಎಂದು ಯಹೂದಿ ಸಂಘಟನೆಗಳು ಹೇಳಿದವು. ಕೈರೋಸ್ ಹೇಳಿಕೆಯನ್ನೂ ಅಮೆರಿಕದ ಸುಧಾರಣಾವಾದಿ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಸಂಘ 2010ರಲ್ಲಿ ಕಟುವಾಗಿ ಟೀಕಿಸಿತು. ಯಹೂದಿಗಳಿಗೆ ಕೊಟ್ಟ ವಾಗ್ದಾನವನ್ನು ಚರ್ಚು ತನ್ನದಾಗಿಸಿಕೊಳ್ಳುವ ಹಳೆಯ ಚಾಳಿ ಇದು ಎಂಬುದು ಆ ಟೀಕೆಯ ಮುಖ್ಯಾಂಶ. ಪ್ಯಾಲೆಸ್ಟೀನ್ ದೇವಶಾಸ್ತ್ರಜ್ಞರ ಉತ್ತರ: ಯೇಸು ಯಹೂದಿ ಎಂಬುದನ್ನು ನಾವು ಅಲ್ಲಗಳೆಯುತ್ತಿಲ್ಲ, ರೋಮಿನ ಸೈನ್ಯದ ಕೆಳಗೆ ಬದುಕಿದ ಯಹೂದಿ ಎಂದು ನೆನಪಿಸುತ್ತಿದ್ದೇವೆ. ಆಫ್ರಿಕಾದವರು ಕಪ್ಪು ಯೇಸುವನ್ನು, ಯುರೋಪಿನವರು ನೀಲಿ ಕಣ್ಣಿನ ಯೇಸುವನ್ನು ಬರೆದಾಗ ಇಲ್ಲದ ತಕರಾರು ಇಲ್ಲಿ ಏಕೆ ಎಂದೂ ಅವರ ಪರ ವಾದಿಸುವವರು ಕೇಳುತ್ತಾರೆ.

ವ್ಯಾಟಿಕನ್ನಿಗೂ ಇದರ ಬಿಸಿ ತಟ್ಟಿತು. 2024ರ ಡಿಸೆಂಬರ್ 7ರಂದು ಪೋಪ್ ಫ್ರಾನ್ಸಿಸ್ ಎದುರು ಅನಾವರಣಗೊಂಡ, ಬೇತ್ಲೆಹೇಮಿನ ಕಲಾವಿದರು ಮಾಡಿದ ಗೋದಲಿಯಲ್ಲಿ ಮಗು ಮಲಗಿದ್ದು ಕೆಫಿಯೆಯ ಮೇಲೆ. ಕೆಲವೇ ದಿನಗಳಲ್ಲಿ ಆ ತೊಟ್ಟಿಲು ಅಲ್ಲಿಂದ ಕಾಣೆಯಾಯಿತು.

ಅಂಗಡಿಯ ಗೋದಲಿ

ಪುಣ್ಯಯಾತ್ರೆಗೆ ಹೋದ ನಮ್ಮವರ ಚೀಲದಲ್ಲಿ ಬರುವ ಜಪಮಾಲೆ, ಪುಟ್ಟ ಶಿಲುಬೆಗಳನ್ನು ಮೂಸಿ ನೋಡಿದರೆ ಆಲಿವ್ ಮರದ ಎಣ್ಣೆಗಂಪು ಇನ್ನೂ ಇರುತ್ತದೆ. ಬೇತ್ಲೆಹೇಮಿನ ಕುಶಲಕರ್ಮಿಗಳು ಈ ಮರವನ್ನು ಪಡೆಯುವುದು ಹೆಚ್ಚಾಗಿ ಸವರಿದ ಕೊಂಬೆಗಳಿಂದ. ಫಲ ಕೊಡುವ ಮರ ಕಡಿಯುವುದಿಲ್ಲ. ಕೊಂಬೆ ಚೆನ್ನಾಗಿ ಒಣಗದಿದ್ದರೆ ಕೆತ್ತಿದ ಮೇಲೆ ಸೀಳುತ್ತದೆ. ಯಾತ್ರಿಕರು ಬಂದರೆ ಈ ಮನೆಗಳ ಒಲೆ ಉರಿಯುತ್ತದೆ. 2023ರ ಅಕ್ಟೋಬರ್ ನಂತರ ಯಾತ್ರಿಕರ ಬಸ್ಸುಗಳು ನಿಂತುಹೋಗಿ, ಅಂಗಡಿಗಳ ಕದ ಮುಚ್ಚಿತು.

ಅಲ್ಲಿನ ಕೆತ್ತನೆಯವರು ಮಾಡುವ ಗೋದಲಿ ಸೆಟ್ಟುಗಳಲ್ಲಿ ಒಂದು ಬಗೆಯಿದೆ. ಮರಿಯ, ಯೋಸೇಫ, ಮಗು, ಎರಡು ಕುರಿ ಎಲ್ಲ ಎಂದಿನಂತೆ. ಮೂಡಣದಿಂದ ಕಾಣಿಕೆ ಹಿಡಿದು ಬಂದ ಮೂವರು ಜೋಯಿಸರೂ ಇದ್ದಾರೆ. ಆದರೆ ಅವರಿಗೂ ಮಗುವಿಗೂ ನಡುವೆ ಅದೇ ಆಲಿವ್ ಮರದಿಂದ ಕೆತ್ತಿದ ಒಂದು ಎತ್ತರದ ಗೋಡೆ ನಿಂತಿದೆ. ಪೆಟ್ಟಿಗೆಯಿಂದ ತೆಗೆದು ಜೋಡಿಸುವಾಗ ಗೊತ್ತಾಗುತ್ತದೆ, ಕೆಲವು ಸೆಟ್ಟುಗಳಲ್ಲಿ ಆ ಗೋಡೆಯನ್ನು ಅಂಟಿಸಿಲ್ಲ, ಬೆರಳಲ್ಲಿ ಎತ್ತಿದರೆ ಬರುತ್ತದೆ.